ದೇಹ ಬಲ್ಲವರ ಕಲ್ಪನೆ: ದೇವರಾಯಸಮುದ್ರದ ಕೆ.ವಿ. ಅಯ್ಯರ್ ಅವರ ಬದುಕು ಮತ್ತು ಕಾದಂಬರಿ



ಕಲ್ಪನೆಯೇ ಬಂಡವಾಳವಾದ ಕಾದಂಬರಿಕಾರರೊಬ್ಬರ ಬದುಕು, ಬರಹಗಳ ಬಗ್ಗೆ ಮಾತನಾಡಬೇಕೆಂದು ಈ ದತ್ತಿ ಉಪನ್ಯಾಸದ ಸಂಘಟಕರು ಕೇಳಿದರು. ಯಾರನ್ನು ಆರಿಸಿಕೊಳ್ಳಬೇಕು ಎಂಬುದನ್ನು ನನಗೇ ಬಿಟ್ಟರು. ಕಾಲೇಜಿನ ಹುಡುಗರು ಇಂಗ್ಲಿಷಿನ ಅದ್ಭುತಕಥೆಗಾರ ಟೋಲ್ಕಿನ್ ಹೆಸರು ಹೇಳಿದರು. ಗಡಿಯ ಈ ಮುಳಬಾಗಿಲಿನಲ್ಲಿ ಕನ್ನಡ, ತೆಲುಗು ಎರಡೂ ‘ಚಂದಮಾಮ’ಗಳನ್ನು ಓದಿ ಬೆಳೆದ ನನ್ನ ವಯಸ್ಸಿನವರು ಮಾಂತ್ರಿಕರ ಧಾರಾವಾಹಿಗಳನ್ನು ನೆನಪಿಸಿದರು. ನಾನು ಅಷ್ಟು ದೂರ ಹೋಗಲಿಲ್ಲ. ಇಲ್ಲಿಂದ ಕೋಲಾರದ ದಾರಿ ಹಿಡಿದರೆ ದೇವರಾಯಸಮುದ್ರ ಸಿಗುತ್ತದೆ. ಇದೇ ತಾಲ್ಲೂಕಿನ ಆ ಹಳ್ಳಿಯಲ್ಲಿ ಹುಟ್ಟಿದ ಕೆ.ವಿ. ಅಯ್ಯರ್, ಅಂದರೆ ಕೋಲಾರದ ವೆಂಕಟೇಶ ಅಯ್ಯರ್, ಇವತ್ತಿನ ನನ್ನ ವಿಷಯ.

ಅವರ ಕಾದಂಬರಿಗಳಲ್ಲಿ ರೆಕ್ಕೆ ಬಿಚ್ಚುವ ಕುದುರೆಗಳಿಲ್ಲ, ಏಳು ಸಮುದ್ರದಾಚೆಯ ಗಿಳಿಯಲ್ಲಿ ಜೀವವಿಟ್ಟ ರಾಕ್ಷಸರಿಲ್ಲ. ಹಾಗಿದ್ದೂ ಅವರನ್ನು ಕಲ್ಪನೆಯ ಕಾದಂಬರಿಕಾರರೆಂದು ನಾನು ಕರೆಯುವುದಕ್ಕೆ ಕಾರಣವಿದೆ. ‘ರೂಪದರ್ಶಿ’ಯ ತಿರುಳಾಗಿರುವ ಘಟನೆ ಚರಿತ್ರೆಯಲ್ಲಿ ನಡೆದದ್ದಲ್ಲ. ‘ಶಾಂತಲಾ’ದ ಶಾಂತಲೆ ಚರಿತ್ರೆಯ ಹೆಣ್ಣೇ ಆದರೂ, ಜನರ ಮನಸ್ಸಿನಲ್ಲಿರುವ ಅವಳ ಕಥೆಯ ಬಹುಭಾಗ ಶಾಸನಗಳಲ್ಲಿ ಇಲ್ಲ. ನಡೆಯದೆ ಇದ್ದದ್ದನ್ನು ನಡೆದೇ ನಡೆದಿದೆ ಎಂದು ಓದುಗ ನಂಬುವಂತೆ ಹೇಗೆ ಹೇಳಬೇಕು? ಅದ್ಭುತ ಕಥೆ ಬರೆಯುವ ಪ್ರತಿಯೊಬ್ಬರ ಕಷ್ಟವೂ ಇದೇ. ಅಯ್ಯರ್ ಇದಕ್ಕೆ ಕಂಡುಕೊಂಡ ಉತ್ತರ ಅವರ ಇನ್ನೊಂದು ಕಸುಬಿನಿಂದ ಬಂತು ಎಂಬುದು ನನ್ನ ವಾದ. ಆ ಕಸುಬು ದೇಹ ಕಟ್ಟುವುದು.

1. ಕಥೆಗಳ ನೆಲ

ಅಯ್ಯರ್ ಹುಟ್ಟಿದ ಸೀಮೆಯಲ್ಲಿ ಕಲ್ಲಿಗೊಂದು ಕಥೆ ಇದೆ ಎಂಬುದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಮುಳಬಾಗಿಲಿನ ಆಂಜನೇಯನನ್ನು ಭಾರತ ಯುದ್ಧ ಮುಗಿದ ಮೇಲೆ ಅರ್ಜುನ ಪ್ರತಿಷ್ಠಾಪಿಸಿದನೆಂದು ನಮ್ಮ ಅಜ್ಜಿಯರು ಹೇಳುತ್ತಿದ್ದರು. ಆವಣಿಯ ಬೆಟ್ಟದಲ್ಲಿ ವಾಲ್ಮೀಕಿಯ ಆಶ್ರಮವಿತ್ತು, ಸೀತೆ ಲವಕುಶರನ್ನು ಹೆತ್ತದ್ದು ಅಲ್ಲೇ ಎಂಬುದು ಸುತ್ತಿನ ಹಳ್ಳಿಗಳ ನಂಬಿಕೆ. ಬೆಟ್ಟದ ಬುಡದ ದೇವಾಲಯಗಳಲ್ಲಿ ರಾಮಲಿಂಗೇಶ್ವರನ ಜೊತೆಗೆ ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರರೂ ಇದ್ದಾರೆ. ನಾಲ್ವರು ಅಣ್ಣತಮ್ಮಂದಿರ ಹೆಸರಿನಲ್ಲಿ ನಾಲ್ಕು ಲಿಂಗ! ಒಂದು ಕಥೆಯನ್ನು ಊರು ಪೂರ್ತಿ ನಂಬಿದರೆ ಅದು ಕಲ್ಲಾಗಿ ನಿಲ್ಲುತ್ತದೆ.

ಕುರುಡುಮಲೆಗೆ ಬನ್ನಿ. ಅಲ್ಲಿನ ಗಣಪತಿ ಒಂದೇ ಕಲ್ಲಿನವನು, 13 ಅಡಿಗೂ ಎತ್ತರ. ಜನರೆಲ್ಲ ಅವನ ದರ್ಶನ ಮಾಡಿ ಹೊರಟುಬಿಡುತ್ತಾರೆ. ಹತ್ತಿರದಲ್ಲೇ ಇರುವ ಸೋಮೇಶ್ವರ ದೇವಾಲಯವನ್ನೂ ಒಮ್ಮೆ ನಿಂತು ನೋಡಬೇಕು. ಅದರ ಅರ್ಧವನ್ನು ಜಕಣಾಚಾರಿ ಕಡೆದ, ಉಳಿದರ್ಧವನ್ನು ಮಗ ಡಂಕಣಾಚಾರಿ ಕಡೆದ ಎಂದು ಊರವರು ಹೇಳುತ್ತಾರೆ. ಒಂದು ಪಕ್ಕದ ಕೆತ್ತನೆ ಸರಳ, ಇನ್ನೊಂದು ಪಕ್ಕದ್ದು ಕುಸುರಿ ಎಂದು ಬೆರಳಿಟ್ಟು ತೋರಿಸುತ್ತಾರೆ. ಇಬ್ಬರೂ ಐತಿಹ್ಯದ ವ್ಯಕ್ತಿಗಳು. ಚರಿತ್ರಕಾರ ಒಪ್ಪುವ ಸಂಗತಿಯಲ್ಲ ಅದು. ಆದರೆ ಕಥೆ ಕೇಳಿದ ಮೇಲೆ ಆ ಗೋಡೆಯನ್ನು ನಾವು ಬೇರೆ ಕಣ್ಣಿನಿಂದ ನೋಡುತ್ತೇವೆ. ಉಳಿಯ ಏಟಿನಲ್ಲಿ ಇಬ್ಬರ ಕೈ ಹುಡುಕುತ್ತೇವೆ. ಕಲ್ಪನೆ ಇಲ್ಲಿ ಕಣ್ಣೆದುರಿನ ಒಂದು ಗುರುತನ್ನು ಆಧಾರವಾಗಿ ಹಿಡಿದಿದೆ. ಅಯ್ಯರ್ ಅವರ ಕಾದಂಬರಿಕಲೆಗೂ ಇಂಥದೇ ಒಂದು ಆಧಾರವಿದೆ.

2. ವ್ಯಾಯಾಮಶಾಲೆಯ ಪ್ರೊಫೆಸರ್

ಅಯ್ಯರ್ ಹುಟ್ಟಿದ್ದು 19ನೆಯ ಶತಮಾನದ ಕೊನೆಯ ವರ್ಷಗಳಲ್ಲಿ, ತೀರಿಕೊಂಡದ್ದು 1980ರಲ್ಲಿ. ಅವರು ಬೆಳೆಯುತ್ತಿದ್ದ ಕಾಲಕ್ಕೆ ನಮ್ಮ ಸೀಮೆಯ ಹುಡುಗರಿಗೆ ಗೊತ್ತಿದ್ದದ್ದು ಗರಡಿ, ಮಟ್ಟಿ, ದಂಡ, ಬಸ್ಕಿ, ಲೋಡು, ಗದೆ. ಹೊರಗಿನಿಂದ ಬೇರೊಂದು ಗಾಳಿಯೂ ಬೀಸತೊಡಗಿತ್ತು. ಯೂರೋಪಿನ ಪ್ರಸಿದ್ಧ ದೇಹದಾರ್ಢ್ಯಪಟು ಯೂಜೆನ್ ಸ್ಯಾಂಡೋ 1904–05ರಲ್ಲಿ ಭಾರತದಲ್ಲಿ ಪ್ರದರ್ಶನ ಕೊಟ್ಟು ಹೋಗಿದ್ದ. ಡಂಬೆಲ್, ಬಾರ್‌ಬೆಲ್, ಸ್ನಾಯುಗಳನ್ನು ಒಂದೊಂದಾಗಿ ಬೆಳೆಸುವ ಕ್ರಮ, ಗ್ರೀಕ್ ಶಿಲ್ಪದ ಭಂಗಿಯಲ್ಲಿ ತೆಗೆಸಿಕೊಂಡ ಫೋಟೋ ಎಲ್ಲವೂ ಪಟ್ಟಣದ ಯುವಕರ ಕೈ ಸೇರಿದವು. ವಿದೇಶಿಯರ ಆಳ್ವಿಕೆಯಲ್ಲಿದ್ದ ದೇಶಕ್ಕೆ ಗಟ್ಟಿ ಮೈ ಎಂದರೆ ಸ್ವಾಭಿಮಾನದ ಮಾತೂ ಆಗಿತ್ತು.

ಅಯ್ಯರ್ ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಹೆಸರಿನ ವ್ಯಾಯಾಮಶಾಲೆ ತೆರೆದರು. ಆಮೇಲೆ ಜೆ.ಸಿ. ರಸ್ತೆಯ ವ್ಯಾಯಾಮಶಾಲೆ ಅವರ ಹೆಸರಿನೊಂದಿಗೇ ಬೆರೆತುಹೋಯಿತು. ಅವರು ಎಲ್ಲರಿಗೂ ‘ಪ್ರೊಫೆಸರ್ ಕೆ.ವಿ. ಅಯ್ಯರ್’. ಇಂಗ್ಲಿಷಿನಲ್ಲಿ ಅವರು ಬರೆದ ‘ಮಸಲ್ ಕಲ್ಟ್’ 1930ರಲ್ಲಿ, ‘ಪರ್ಫೆಕ್ಟ್ ಫಿಸೀಕ್’ 1936ರಲ್ಲಿ, ‘ಸೂರ್ಯನಮಸ್ಕಾರ’ 1937ರಲ್ಲಿ ಬಂದವು. ಅಂಚೆಯ ಮೂಲಕವೂ ದೂರದೂರಿನ ಶಿಷ್ಯರಿಗೆ ಪಾಠ ಕಳಿಸುತ್ತಿದ್ದರು. ಅವರ ಫೋಟೋಗಳು ಪರದೇಶದ ದೇಹದಾರ್ಢ್ಯ ಪತ್ರಿಕೆಗಳಲ್ಲಿ ಅಚ್ಚಾದವು.

ಅವರ ಪದ್ಧತಿಯ ವಿಶೇಷವೆಂದರೆ ಭಾರ ಎತ್ತುವುದನ್ನೂ ಆಸನಗಳನ್ನೂ ಒಟ್ಟಿಗೆ ಇಟ್ಟದ್ದು. ಔಂಧ್‌ನ ರಾಜ ಭವಾನರಾವ್ ಪಂತ ಪ್ರತಿನಿಧಿ ಸೂರ್ಯನಮಸ್ಕಾರವನ್ನು ಮನೆಮನೆಯ ವ್ಯಾಯಾಮವಾಗಿ ಪ್ರಚಾರ ಮಾಡುತ್ತಿದ್ದ ಕಾಲ ಅದು. ಬಾರ್‌ಬೆಲ್ ಸ್ನಾಯುವಿಗೆ, ಆಸನ ಒಳಗಿನ ಅಂಗಗಳಿಗೆ ಎಂಬ ತಿಳಿವಳಿಕೆಯಿಂದ ಅಯ್ಯರ್ ಎರಡನ್ನೂ ಹೇಳಿಕೊಟ್ಟರು. ಮೈಸೂರಿನ ಅರಮನೆಯ ಆಶ್ರಯವೂ ದೊರೆಯಿತು. ಜಗನ್ಮೋಹನ ಅರಮನೆಯಲ್ಲಿ ಒಂದೆಡೆ ತಿರುಮಲೈ ಕೃಷ್ಣಮಾಚಾರ್ಯರ ಯೋಗಶಾಲೆ ನಡೆಯುತ್ತಿದ್ದರೆ, ಇನ್ನೊಂದೆಡೆ ಅಯ್ಯರ್ ಅವರ ಶಿಷ್ಯರು ದೇಹದಾರ್ಢ್ಯ ಕಲಿಸುತ್ತಿದ್ದರು. ಇವತ್ತು ಪ್ರಪಂಚವೆಲ್ಲ ಮಾಡುವ ಯೋಗ ಹೇಗೆ ಬೆಳೆಯಿತು ಎಂದು ಸಂಶೋಧನೆ ಮಾಡುವ ಪಾಶ್ಚಾತ್ಯ ವಿದ್ವಾಂಸರು ಅಯ್ಯರ್ ಅವರ ಪುಸ್ತಕಗಳನ್ನು ಹುಡುಕಿ ಓದುತ್ತಿದ್ದಾರೆ. ಅವರಲ್ಲಿ ಹಲವರಿಗೆ ಈ ಮನುಷ್ಯ ಕನ್ನಡದಲ್ಲಿ ಕಾದಂಬರಿ ಬರೆದದ್ದು ತಿಳಿದಿರಲಾರದು. ನಮಗೆ ಕಾದಂಬರಿ ಗೊತ್ತು, ಬಾರ್‌ಬೆಲ್ ಮರೆತಿದೆ. ಎರಡನ್ನೂ ಒಟ್ಟಿಗೆ ನೋಡದೆ ಹೋದರೆ ಅಯ್ಯರ್ ಅರ್ಥವಾಗುವುದಿಲ್ಲ.

ವ್ಯಾಯಾಮಶಾಲೆಯ ಮೇಷ್ಟರಿಗೆ ದಿನವೂ ಏನು ಕೆಲಸ ಎಂದು ಯೋಚಿಸಿ. ಎದುರು ಬಂದು ನಿಂತ ಹುಡುಗನ ಮೈಯನ್ನು ಓದುವುದು. ಭುಜ ಮುಂದಕ್ಕೆ ಬಾಗಿದೆಯೆ, ಎದೆ ಒಳಕ್ಕೆ ಹೋಗಿದೆಯೆ, ಹೊಟ್ಟೆ ಜೋತಿದೆಯೆ, ಕುತ್ತಿಗೆ ನಿಲ್ಲುವುದು ಹೇಗೆ, ಎಷ್ಟು ಹೊತ್ತಿಗೆ ಉಸಿರು ಕೆಡುತ್ತದೆ. ಹುಡುಗ ಬಾಯಿ ಬಿಡುವ ಮೊದಲೇ ಅವನ ಬೆನ್ನು ಅವನ ಬದುಕಿನ ಅರ್ಧ ಕಥೆ ಹೇಳಿರುತ್ತದೆ. ಹತ್ತಾರು ವರ್ಷ ಇದೇ ಕೆಲಸ ಮಾಡಿದ ಕಣ್ಣು ಕಾದಂಬರಿ ಬರೆಯಲು ಕೂತಾಗ ಆ ಅಭ್ಯಾಸವನ್ನು ಬಿಟ್ಟು ಕೂರಲು ಸಾಧ್ಯವೆ?

3. ಕೈಲಾಸಂ ಮತ್ತು ರಂಗ

ವ್ಯಾಯಾಮಶಾಲೆಗೆ ಸಾಹಿತ್ಯ ಬಂದದ್ದು ಟಿ.ಪಿ. ಕೈಲಾಸಂ ಅವರ ಜೊತೆಯಲ್ಲಿ ಎನ್ನಬಹುದು. 1884ರಿಂದ 1946ರವರೆಗೆ ಬದುಕಿದ್ದ ಕೈಲಾಸಂ ಲಂಡನ್ನಿನಲ್ಲಿ ಭೂವಿಜ್ಞಾನ ಓದಿದವರು, ಸ್ವತಃ ಅಂಗಸಾಧನೆಯಲ್ಲಿ ಆಸಕ್ತರು, ಮಾತಿನಲ್ಲೇ ನಾಟಕ ಕಟ್ಟಿ ಇತರರ ಕೈಲಿ ಬರೆಸುತ್ತಿದ್ದ ಪ್ರತಿಭೆ. ಅಯ್ಯರ್ ಅವರಿಗೆ ಆತ್ಮೀಯ ಗೆಳೆಯ, ಗುರುಸಮಾನ. ಆ ಗೆಳೆತನದ ನೆನಪುಗಳನ್ನು ಅಯ್ಯರ್ ಮುಂದೆ ‘ಕೈಲಾಸಂ ಸ್ಮರಣೆ’ ಎಂಬ ಪುಸ್ತಕವಾಗಿಸಿದರು.

‘ರವಿ ಕಲಾವಿದರು’ ಎಂಬ ಹವ್ಯಾಸಿ ನಾಟಕ ತಂಡವನ್ನೂ ಅಯ್ಯರ್ ಕಟ್ಟಿದರು. ನಾಟಕ ಆಡಿಸಿದವರು ಒಂದು ಪಾಠ ಕಲಿತಿರುತ್ತಾರೆ. ದುಃಖ ಎಂದು ಹೇಳಿದರೆ ಪ್ರೇಕ್ಷಕ ಅಳುವುದಿಲ್ಲ. ಪಾತ್ರಧಾರಿ ಎಲ್ಲಿ ನಿಲ್ಲಬೇಕು, ಕೈ ಎಲ್ಲಿಡಬೇಕು, ಎಷ್ಟು ಹೊತ್ತು ಸುಮ್ಮನಿರಬೇಕು ಎಂಬುದನ್ನು ಹೇಳಿಕೊಡಬೇಕು. ಗರಡಿಯ ಕಣ್ಣಿಗೆ ರಂಗದ ಈ ಲೆಕ್ಕಾಚಾರ ಸೇರಿತು. ಅಯ್ಯರ್ ಕಾದಂಬರಿಕಾರರಾಗಿ ಹೆಸರು ಮಾಡಿದ್ದು ಇವೆರಡೂ ಕೈವಶವಾದ ಮೇಲೆ, ನಡುವಯಸ್ಸಿನಲ್ಲಿ. ಸಾಹಿತ್ಯದ ಪದವಿ ಅವರಿಗೆ ದಾರಿ ತೋರಿಸಲಿಲ್ಲ. ಬದುಕಿನಲ್ಲಿ ಕಲಿತ ಕಸುಬುಗಳೇ ತೋರಿಸಿದವು.

4. ರೂಪದರ್ಶಿ: ನಡೆಯದೆ ಇದ್ದ ಘಟನೆ

‘ರೂಪದರ್ಶಿ’ಯ ಹೊರಮೈ ನಿಮ್ಮಲ್ಲಿ ಬಹಳ ಮಂದಿಗೆ ಗೊತ್ತು. ಫ್ಲಾರೆನ್ಸಿನ ಮಹಾಕಲಾವಿದ ಮೈಕೆಲೇಂಜೆಲೊ ಬಾಲ ಏಸುವಿನ ಚಿತ್ರಕ್ಕೆ ಒಂದು ಮುಖ ಹುಡುಕುತ್ತಾನೆ. ಎಷ್ಟೋ ಅಲೆದ ಮೇಲೆ ದೈವೀ ಸೌಂದರ್ಯದ ಒಂದು ಮಗು ಕಣ್ಣಿಗೆ ಬೀಳುತ್ತದೆ. ಚಿತ್ರ ಮುಗಿಯುತ್ತದೆ, ಲೋಕ ಬೆರಗಾಗುತ್ತದೆ. ವರ್ಷಗಳು ಉರುಳಿದ ಮೇಲೆ ಏಸುವಿಗೆ ದ್ರೋಹ ಬಗೆದ ಜುದಾಸನ ಮುಖ ಬೇಕಾಗುತ್ತದೆ. ಈ ಸಲ ಹುಡುಕಾಟ ನಡೆಯುವುದು ಪಾತಕಿಗಳ ನಡುವೆ. ಕ್ರೌರ್ಯವೇ ಮೈವೆತ್ತಂಥ ಒಬ್ಬ ಸಿಗುತ್ತಾನೆ. ಅವನು ಬೇರೆ ಯಾರೂ ಅಲ್ಲ, ಅಂದಿನ ಮಗುವೇ.

ಇದು ಯೂರೋಪಿನಲ್ಲಿ ಬಹುಕಾಲದಿಂದ ಓಡಾಡುವ ದಂತಕಥೆ. ಸಾಮಾನ್ಯವಾಗಿ ಇದನ್ನು ಲಿಯೊನಾರ್ಡೊ ಡಾ ವಿಂಚಿಯ ‘ಕೊನೆಯ ಭೋಜನ’ ಚಿತ್ರಕ್ಕೆ ಹೊಂದಿಸಿ ಹೇಳುತ್ತಾರೆ. ಮಿಲಾನಿನ ಮಠದ ಗೋಡೆಯ ಮೇಲಿನ ಆ ಚಿತ್ರ ರಚನೆಯಾದದ್ದು ಸುಮಾರು 1495ರಿಂದ 1498ರ ನಡುವೆ. ಮೂರು ವರ್ಷದಲ್ಲಿ ಮುಗಿದ ಚಿತ್ರಕ್ಕೆ ಒಬ್ಬನೇ ಮನುಷ್ಯ ಮೊದಲು ದೇವರಾಗಿ, ಆಮೇಲೆ ಪಾತಕಿಯಾಗಿ ಕೂರಲು ಸಮಯವೆಲ್ಲಿತ್ತು? ಕಲಾಚರಿತ್ರೆ ಈ ಕಥೆಯನ್ನು ಒಪ್ಪುವುದಿಲ್ಲ. ಮೈಕೆಲೇಂಜೆಲೊನ ವಿಷಯದಲ್ಲೂ ಅದಕ್ಕೆ ಆಧಾರವಿಲ್ಲ.

ಅಯ್ಯರ್ ಕೃತಿಯಲ್ಲಿ ಈ ಕಥೆ ಲಿಯೊನಾರ್ಡೊನದಾಗದೆ ಮೈಕೆಲೇಂಜೆಲೊನದಾಗಿರುವುದು ನನಗೆ ಬಹಳ ಸಹಜವಾಗಿ ಕಾಣುತ್ತದೆ. ಲಿಯೊನಾರ್ಡೊ ಎಂದರೆ ನೆನಪಾಗುವುದು ಮಂದಹಾಸ, ಮಂಜು ಕವಿದ ಹಿನ್ನೆಲೆ. ಮೈಕೆಲೇಂಜೆಲೊ ಎಂದರೆ ಸ್ನಾಯು. 1501ರಿಂದ 1504ರವರೆಗೆ ಕಡೆದ ಅವನ ಡೇವಿಡ್ ಐದು ಮೀಟರಿಗೂ ಎತ್ತರದ ಅಮೃತಶಿಲೆಯ ಯುವಕ. ಕತ್ತಿನ ನರ, ಕೈಯ ಬೆನ್ನಿನ ಮೇಲೆ ಉಬ್ಬಿದ ರಕ್ತನಾಳ, ಒಂದು ಕಾಲಿನ ಮೇಲೆ ಭಾರ ಬಿಟ್ಟು ನಿಂತ ಸೊಂಟ, ಇವನ್ನು ಕಡೆದವನು ಶರೀರವನ್ನು ಅರೆದು ಕುಡಿದವನು. ದೇಹ ಕಟ್ಟುವ ಮೇಷ್ಟರ ಕಥೆಗೆ ಇವನಿಗಿಂತ ಒಪ್ಪುವ ನಾಯಕ ಸಿಗುವುದು ಕಷ್ಟ.

ಈಗ ಕಥೆಯ ತಿರುವನ್ನು ಹತ್ತಿರದಿಂದ ನೋಡೋಣ. ದಂತಕಥೆಯಲ್ಲಿ ಆ ತಿರುವು ಒಂದು ಸಾಲಿನ ಆಶ್ಚರ್ಯ. ‘ಅದೇ ಮಗು’ ಎಂದು ಹೇಳಿ ಕಥೆ ಮುಗಿಸಿಬಿಡಬಹುದು. ಕಾದಂಬರಿಗೆ ಅಷ್ಟು ಸಾಲದು. ಮಗುವಿನ ಮುಖ ಪಾತಕಿಯ ಮುಖವಾಗುವುದಕ್ಕೆ ವರ್ಷಗಳು ಬೇಕು. ಹಸಿವು ಬೇಕು, ಕೆಟ್ಟ ಸಹವಾಸ ಬೇಕು, ಕಣ್ಣಿನ ಸುತ್ತ ಕಪ್ಪು ಕಟ್ಟುವಷ್ಟು ರಾತ್ರಿಗಳು ಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಬದಲಾದ ಮುಖದ ಅಡಿಯಲ್ಲಿ ಹಳೆಯ ಮೂಳೆಕಟ್ಟು ಹಾಗೆಯೇ ಉಳಿದಿರಬೇಕು. ಉಳಿಯದಿದ್ದರೆ ಗುರುತು ಹತ್ತುವುದು ಹೇಗೆ? ಈ ಕಥೆ ನಂಬುವಂತಾಗುವುದು ಶರೀರಶಾಸ್ತ್ರದ ಆ ಒಂದು ಸಣ್ಣ ಸತ್ಯದಿಂದ. ಹಿಂದೆ ತನ್ನನ್ನು ನೋಡಿ ಬರೆದ ಚಿತ್ರದ ಎದುರು ಈ ಮನುಷ್ಯ ನಿಂತಾಗ ಗುರುತಿಸುವ ಕೆಲಸ ಅವನ ಪಾಲಿಗೂ ಬರುತ್ತದೆ. ತೀರ್ಪು ಹೇಳಲು ನ್ಯಾಯಾಧೀಶ ಬೇಕಾಗಿಲ್ಲ. ತನ್ನದೇ ಮುಖ ಎದುರಿಗಿದೆ.

‘ರೂಪದರ್ಶಿ’ ವ್ಯಾಯಾಮಶಾಲೆಯ ನಂಬಿಕೆಯ ಇನ್ನೊಂದು ಮಗ್ಗುಲು ಎನ್ನುವುದು ಇದಕ್ಕೇ. ದಿನವೂ ಮಾಡಿದ ಅಭ್ಯಾಸ ಮೈಯಲ್ಲಿ ಬರೆದುಕೊಳ್ಳುತ್ತದೆ ಎಂದು ಅಯ್ಯರ್ ತಮ್ಮ ಶಿಷ್ಯರಿಗೆ ಜೀವನವಿಡೀ ಕಲಿಸಿದರು. ಅಭ್ಯಾಸ ಒಳ್ಳೆಯದಾದರೆ ಒಣಕಲು ಹುಡುಗ ಮಲ್ಲನಾಗುತ್ತಾನೆ. ಕೆಟ್ಟದಾದರೆ? ಆ ಪ್ರಶ್ನೆಯನ್ನು ವ್ಯಾಯಾಮದ ಪುಸ್ತಕದಲ್ಲಿ ಕೇಳಲಾಗದು. ಕಾದಂಬರಿಯಲ್ಲಿ ಕೇಳಿದರು.

5. ಶಾಂತಲಾ: ಶಾಸನ ಬಿಟ್ಟ ಜಾಗ

‘ಶಾಂತಲಾ’ದಲ್ಲಿ ಕೆಲಸ ಬೇರೆ ರೀತಿಯದು. ಇಲ್ಲಿ ಗಟ್ಟಿ ಚರಿತ್ರೆ ಇದೆ. ಹೊಯ್ಸಳ ವಿಷ್ಣುವರ್ಧನ ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ್ದು 1117ರಲ್ಲಿ. ಪಟ್ಟದರಸಿ ಶಾಂತಲೆಯ ತಂದೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನಧರ್ಮದವಳು. ಶಾಂತಲೆ 1123ರಲ್ಲಿ ಶ್ರವಣಬೆಳಗೊಳದಲ್ಲಿ ಬಸದಿ ಕಟ್ಟಿಸಿದಳು. ಅವಳ ಬಿರುದಿನಿಂದಲೇ ಅದಕ್ಕೆ ಸವತಿಗಂಧವಾರಣ ಬಸದಿ ಎಂದು ಹೆಸರು. 1131ರಲ್ಲಿ ಅವಳು ಶಿವಗಂಗೆಯಲ್ಲಿ ತೀರಿಕೊಂಡಳು. ಮಗಳ ಸಾವಿನ ನಂತರ ತಾಯಿ ಸಲ್ಲೇಖನ ಕೈಗೊಂಡಳೆಂದು ಶ್ರವಣಬೆಳಗೊಳದ ಶಾಸನ ತಿಳಿಸುತ್ತದೆ. ರಾಜ್ಯ ಮುಂದೆ ಇನ್ನೊಬ್ಬ ರಾಣಿ ಲಕ್ಷ್ಮೀದೇವಿಯ ಮಗ ನರಸಿಂಹನಿಗೆ ಹೋಯಿತು.

ಶಾಸನ ಇಷ್ಟು ಹೇಳಿ ಸುಮ್ಮನಾಗುತ್ತದೆ. ಬೆಟ್ಟದ ತುದಿಯಿಂದ ರಾಣಿ ಹಾರಿಕೊಂಡಳು ಎಂದು ಶಿವಗಂಗೆಯ ಜನ ಇವತ್ತಿಗೂ ಒಂದು ಕಡಿದಾದ ಅಂಚನ್ನು ತೋರಿಸುತ್ತಾರೆ. ಸವತಿಯ ಪ್ರಶ್ನೆ, ಮಕ್ಕಳ ಪ್ರಶ್ನೆ, ಒಂದೇ ಮನೆಯಲ್ಲಿ ಎರಡು ಮೂರು ಧರ್ಮಗಳ ಪ್ರಶ್ನೆ, ರಾಜನ ಗೆಲುವಿನ ಹಿಂದೆ ಒಂಟಿಯಾದ ಹೆಣ್ಣಿನ ಪ್ರಶ್ನೆ, ಎಲ್ಲಕ್ಕೂ ಶಾಸನದಲ್ಲಿ ಜಾಗ ಖಾಲಿ ಇದೆ. ಕಾದಂಬರಿಕಾರ ಕಾಲಿಡುವುದು ಅಲ್ಲೇ.

ನಾಟ್ಯಕ್ಕೆ ಹೆಸರಾದ ರಾಣಿಯ ಕಥೆ ಹೇಳಲು ಹೊರಟವರು ಅಂಗಸಾಧನೆ ಬಲ್ಲವರು ಎಂಬುದನ್ನು ಇಲ್ಲೂ ನೆನಪಿಡಬೇಕು. ಬೇಲೂರಿನ ಮದನಿಕೆಯರ ಎದುರು ನಿಂತು ನೋಡಿ. ತ್ರಿಭಂಗಿಯಲ್ಲಿ ನಿಂತವಳ ಒಂದು ಸೊಂಟ ಏರಿ, ಎದುರಿನ ಭುಜ ಇಳಿದು, ಭಾರವೆಲ್ಲ ಒಂದು ಪಾದಕ್ಕೆ ಬಂದಿದೆ. ನೋಡುವುದಕ್ಕೆ ಲಾಲಿತ್ಯ, ನಿಲ್ಲುವವಳಿಗೆ ದುಡಿಮೆ. ಆ ದುಡಿಮೆಯ ಬೆಲೆ ಬಲ್ಲ ಲೇಖಕ ಶಾಂತಲೆಯನ್ನು ಬರಿಯ ಚೆಲುವೆಯಾಗಿ ಕಾಣಲಾರ. ಸಾಧಕಿಯಾಗಿ ಕಾಣುತ್ತಾನೆ.

ಇಲ್ಲಿ ನಮ್ಮದೇ ಜಿಲ್ಲೆಯ ಇನ್ನೊಬ್ಬ ಹಿರಿಯರನ್ನು ನೆನೆಯಬೇಕು. ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ ‘ಚೆನ್ನಬಸವನಾಯಕ’, ‘ಚಿಕವೀರ ರಾಜೇಂದ್ರ’ ಬರೆದರು. ಎರಡನೆಯದಕ್ಕೆ 1983ರ ಜ್ಞಾನಪೀಠ ಬಂತು. ಮಾಸ್ತಿಯವರಿಗೆ ಚರಿತ್ರೆ ಎಂದರೆ ಒಂದು ಸಂಸ್ಥಾನ ಯಾಕೆ ಕುಸಿಯಿತು ಎಂಬ ವಿಚಾರಣೆ. ಆಡಳಿತಾಧಿಕಾರಿಯಾಗಿ ಕಡತ ಓದಿದ ಸಮಾಧಾನ ಅವರ ಗದ್ಯದಲ್ಲಿದೆ. ಅಯ್ಯರ್ ಅವರಿಗೆ ಚರಿತ್ರೆ ಒಂದು ಕನಸಿಗೆ ಸಿಕ್ಕ ರಂಗಸ್ಥಳ. ಒಂದೇ ಜಿಲ್ಲೆಯಿಂದ ಹೀಗೆ ಎರಡು ದಾರಿ ಹೊರಟಿವೆ. ಮಾಸ್ತಿಯವರ ದಾರಿಯನ್ನು ನಾವು ಚೆನ್ನಾಗಿ ಓದಿದ್ದೇವೆ. ಅಯ್ಯರ್ ಅವರದನ್ನು ಪ್ರೀತಿಸಿದ್ದೇವೆ, ಆದರೆ ವಿಮರ್ಶೆಯ ಕಣ್ಣಿನಿಂದ ಓದಿಲ್ಲ.

6. ಕಲ್ಪನೆಯ ಪರಂಪರೆಯಲ್ಲಿ ಅಯ್ಯರ್

ಕಲ್ಪನೆಯ ಕಥೆ ಕನ್ನಡಕ್ಕೆ ಹೊಸದಲ್ಲ. ನಾಗವರ್ಮ ಬಾಣನ ‘ಕಾದಂಬರಿ’ಯನ್ನು ಕನ್ನಡಕ್ಕೆ ತಂದಾಗ ಒಂದು ಜನ್ಮದ ಪ್ರೇಮ ಇನ್ನೊಂದು ಜನ್ಮಕ್ಕೆ ದಾಟಿತು. ನೇಮಿಚಂದ್ರನ ‘ಲೀಲಾವತಿ’ಯಲ್ಲಿ ರಾಜಕುಮಾರ ಕಂದರ್ಪದೇವ ಕನಸಿನಲ್ಲಿ ಕಂಡ ಹೆಣ್ಣನ್ನು ಹುಡುಕಿ ಹೊರಡುತ್ತಾನೆ. ಕೆಂಪುನಾರಾಯಣನ ‘ಮುದ್ರಾಮಂಜೂಷ’ 1823ರದು. ಆಮೇಲೆ ಬಂದ ಕಾದಂಬರಿಯ ದೊಡ್ಡ ಹೊಳೆ ವಾಸ್ತವದ ಕಡೆ ತಿರುಗಿತು. ಹಳ್ಳಿ, ಜಾತಿ, ಬಡತನ, ವಿಧವೆಯ ಬಾಳು ಬರಹಕ್ಕೆ ಬಂದವು. ಬರಬೇಕಾದದ್ದೇ. ನವ್ಯದ ಹೊತ್ತಿಗೆ ರಮ್ಯ ಎಂಬ ಮಾತೇ ಕೊಂಚ ಕೀಳಾಗಿ ಕೇಳತೊಡಗಿತು. ಅಯ್ಯರ್ ಅವರಂಥವರು ವಿಮರ್ಶಕರ ಪಟ್ಟಿಯಿಂದ ಜಾರಿದರು. ಓದುಗರು ಮಾತ್ರ ಕೈಬಿಡಲಿಲ್ಲ. ‘ರೂಪದರ್ಶಿ’, ‘ಶಾಂತಲಾ’ ಮತ್ತೆ ಮತ್ತೆ ಅಚ್ಚಾಗುತ್ತ ಬಂದಿವೆ.

ಅವರ ಮಿತಿಗಳನ್ನೂ ಹೇಳಿಬಿಡುತ್ತೇನೆ. ಭಾಷೆ ಅಲಂಕಾರದ ಕಡೆ ವಾಲುತ್ತದೆ. ಭಾವದ ಸ್ವರ ಏರಿದರೆ ಇಳಿಯಲು ಹೊತ್ತು ಬೇಕು. ಒಳ್ಳೆಯವರು ತೀರ ಒಳ್ಳೆಯವರು. ಇವತ್ತಿನ ಓದುಗಿ ಶಾಂತಲೆಯ ತ್ಯಾಗವನ್ನು ಮೆಚ್ಚುವ ಮೊದಲು, ಆ ತ್ಯಾಗ ಯಾಕೆ ಹೆಣ್ಣಿನ ಪಾಲಿಗೇ ಬಂತು ಎಂದು ಕೇಳುತ್ತಾಳೆ. ಕೇಳಲಿ. ಪ್ರಶ್ನೆ ಕೇಳಿಸಿಕೊಳ್ಳುವ ಶಕ್ತಿ ಆ ಪಾತ್ರಕ್ಕಿದೆ.

ಟೋಲ್ಕಿನ್ ಹೆಸರು ಹೇಳಿದ ಹುಡುಗರಿಗೆ ಒಂದು ಮಾತು. ಟೋಲ್ಕಿನ್ ಹುಟ್ಟಿದ್ದು 1892ರಲ್ಲಿ; ಹೆಚ್ಚುಕಡಿಮೆ ಅಯ್ಯರ್ ಅವರ ಓರಗೆಯವರು. ಕಸುಬು ಆಕ್ಸ್‌ಫರ್ಡಿನಲ್ಲಿ ಹಳೆಯ ಭಾಷೆಗಳ ಪಾಠ. ‘ದ ಲಾರ್ಡ್ ಆಫ್ ದ ರಿಂಗ್ಸ್’ 1954–55ರಲ್ಲಿ ಹೊರಬಂದಾಗ ಅವರಿಗೆ ಅರವತ್ತು ದಾಟಿತ್ತು. ಆ ಲೋಕವನ್ನು ಓದುಗರು ನಂಬಿದ್ದು ಅದರ ಜನರಿಗೆ ವ್ಯಾಕರಣವಿದ್ದ ಭಾಷೆಗಳಿದ್ದವು ಎಂಬ ಕಾರಣಕ್ಕೂ. ಭಾಷೆ ಬಲ್ಲವರು ಕಲ್ಪನೆಗೆ ಭಾಷೆಯ ಅಡಿಪಾಯ ಹಾಕಿದರು. ದೇಹ ಬಲ್ಲ ಅಯ್ಯರ್ ಕಲ್ಪನೆಗೆ ಮೈಕಟ್ಟು ಕೊಟ್ಟರು. ಗಾತ್ರದಲ್ಲಿ, ಕೀರ್ತಿಯಲ್ಲಿ ಇಬ್ಬರನ್ನೂ ತೂಗುವುದು ನನ್ನ ಉದ್ದೇಶವಲ್ಲ. ಇಬ್ಬರಿಂದಲೂ ಕಲಿಯಬೇಕಾದ ಪಾಠ ಒಂದೇ. ಏನನ್ನಾದರೂ ತಳಮುಟ್ಟ ಬಲ್ಲವರ ಕಲ್ಪನೆಯನ್ನು ಓದುಗ ನಂಬುತ್ತಾನೆ.

7. ಮುಳಬಾಗಿಲು ಮಾಡಬಹುದಾದದ್ದು

ಡಿ.ವಿ.ಜಿ. ಹುಟ್ಟಿದ ಊರು ಎಂಬ ಹೆಮ್ಮೆ ಮುಳಬಾಗಿಲಿಗೆ ಇದೆ, ಇರಬೇಕು. ಅದರ ಪಕ್ಕದಲ್ಲಿ ದೇವರಾಯಸಮುದ್ರದ ಹೆಸರಿಗೂ ಜಾಗ ಮಾಡೋಣ. ಅಯ್ಯರ್ ಅವರ ಕನ್ನಡ ಕೃತಿಗಳೂ ಇಂಗ್ಲಿಷಿನ ವ್ಯಾಯಾಮ ಪುಸ್ತಕಗಳೂ ತಾಲ್ಲೂಕು ಗ್ರಂಥಾಲಯದ ಒಂದೇ ಕಪಾಟಿನಲ್ಲಿ ಸಿಗುವಂತಾಗಬೇಕು. ಕಾದಂಬರಿಯ ವಿದ್ಯಾರ್ಥಿಯೂ ದೈಹಿಕ ಶಿಕ್ಷಣದ ವಿದ್ಯಾರ್ಥಿಯೂ ಆ ಕಪಾಟಿನ ಮುಂದೆ ಒಬ್ಬರಿಗೊಬ್ಬರು ಎದುರಾಗಬೇಕು. ಅವರ ವ್ಯಾಯಾಮದ ಪುಸ್ತಕಗಳು ಕನ್ನಡಕ್ಕೆ ಬಂದರೆ ನಮ್ಮ ಪಿ.ಟಿ. ಮೇಷ್ಟ್ರುಗಳಿಗೆ ತಮ್ಮ ಕಸುಬಿನ ಹಿರಿಯನ ಪರಿಚಯವಾಗುತ್ತದೆ.

ಬರೆಯಬೇಕೆಂಬ ಆಸೆ ಇರುವ ಮಕ್ಕಳಿಗೆ ಒಂದು ಕೆಲಸ ಹಚ್ಚಿ ಹೋಗುತ್ತೇನೆ. ಕುರುಡುಮಲೆಯದೋ ಆವಣಿಯದೋ ನಿಮ್ಮ ಮನೆಯಲ್ಲಿ ಹೇಳುವ ಒಂದು ಐತಿಹ್ಯ ಆರಿಸಿಕೊಳ್ಳಿ. ಮೊದಲು ಆ ಜಾಗದ ಶಾಸನ ಏನು ಹೇಳುತ್ತದೆ ಎಂದು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಕೋಲಾರ ಜಿಲ್ಲೆಯ ಸಂಪುಟದಲ್ಲಿ ಹುಡುಕಿ. ಕಥೆಗೂ ಶಾಸನಕ್ಕೂ ನಡುವಿನ ಖಾಲಿ ಜಾಗ ಎಷ್ಟೆಂದು ಅಳೆಯಿರಿ. ಆಮೇಲೆ ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಕಸುಬಿನಿಂದ ಆ ಜಾಗ ತುಂಬಿ: ರೇಷ್ಮೆಹುಳು ಸಾಕುವುದು, ಟೊಮ್ಯಾಟೊ ಮಂಡಿಯ ಲೆಕ್ಕ, ಕಲ್ಲು ಒಡೆಯುವುದು, ದೋಸೆಯ ಕಾವಲಿ, ಯಾವುದಾದರೂ ಸರಿ. ಕಲ್ಲು ಒಡೆಯುವ ಮನೆಯ ಹುಡುಗಿ ಡಂಕಣನ ಕಥೆ ಬರೆದರೆ ಉಳಿ ಹಿಡಿದ ಕೈಗೆ ಎಲ್ಲಿ ಬೊಬ್ಬೆ ಏಳುತ್ತದೆ ಎಂಬುದು ಅವಳಿಗೆ ಗೊತ್ತಿರುತ್ತದೆ. ಬೆಂಗಳೂರಿನಲ್ಲಿ ಕುಳಿತ ಲೇಖಕನಿಗೆ ಅದು ಗೊತ್ತಾಗಲು ಬಹಳ ದಿನ ಬೇಕು. ಮುಂದಿನ ವರ್ಷದ ದತ್ತಿ ಕಾರ್ಯಕ್ರಮದಲ್ಲಿ ಅರ್ಧ ಗಂಟೆಯನ್ನು ಇಂಥ ಕಥೆಗಳ ಓದಿಗೆ ಮೀಸಲಿಡಬೇಕೆಂದು ಸಂಘಟಕರಲ್ಲಿ ಕೇಳಿಕೊಳ್ಳುತ್ತೇನೆ. ಉಪನ್ಯಾಸ ಅಷ್ಟು ಚಿಕ್ಕದಾದರೂ ನಷ್ಟವಿಲ್ಲ.